ಎಸಳಿನ ಹುಡ್ಡಿನ ಲೆಕ್ಕ

ಚೌಕಟ್ಟಿನಾಚೆಯ ಬಿಸಿಲು ತಡೆಯಲು ಲೆನ್ಸಿನ ಮೂತಿಗೆ ಸಿಕ್ಕಿಸುವ ಹುಡ್ ಕೆಲವಕ್ಕೆ ನೇರ ಕೊಳವೆ, ಕೆಲವಕ್ಕೆ ಅರಳಿದ ಹೂವಿನಂತೆ ನಾಲ್ಕು ಎಸಳು. ಎಸಳಿನದು ಬರೀ ಅಂದಕ್ಕೆ, ದುಬಾರಿ ಲೆನ್ಸಿನ ಗುರುತಿಗೆ ಎಂದುಕೊಂಡವರು ಬಹಳ ಮಂದಿ. ಆದರೆ ಆ ಅಂಚಿನ ಆಕಾರವನ್ನು ತೀರ್ಮಾನಿಸುವುದು ಕ್ಯಾಮೆರಾದೊಳಗಿನ ಸೆನ್ಸರ್. ಲೆನ್ಸ್ ದುಂಡಗಿದ್ದರೂ ಚಿತ್ರ ಆಯತ. ಫುಲ್ ಫ್ರೇಮ್ ಸೆನ್ಸರಿನ ನಟ್ಟನಡುವಿನಿಂದ ಮೇಲಂಚಿಗೆ 12 ಮಿ.ಮೀ., ಪಕ್ಕದಂಚಿಗೆ 18, ಮೂಲೆಗೆ ಸುಮಾರು 21.6. ಹಾಗಾಗಿ 24 ಮಿ.ಮೀ. ಲೆನ್ಸಿನ ನೋಟ ಮೇಲಿಂದ ಕೆಳಕ್ಕೆ ಸುಮಾರು 53 ಡಿಗ್ರಿ, ಅಡ್ಡಕ್ಕೆ 74, ಮೂಲೆಯಿಂದ ಮೂಲೆಗೆ 84. ನೋಟ ಕಿರಿದಾದ ಕಡೆ ಹುಡ್ ಉದ್ದಕ್ಕೆ ಚಾಚಬಹುದು, ಅಗಲವಾದ ಕಡೆ ಹಿಂದೆ ಸರಿಯಲೇಬೇಕು. ಹುಡ್ಡನ್ನು ಕೈಯಲ್ಲಿ ಹಿಡಿದು ನೋಡಿ: ಮೇಲೆ ಕೆಳಗೆ ಉದ್ದ ಎಸಳು, ಎಡಬಲಕ್ಕೆ ಗಿಡ್ಡ ಎಸಳು, ಆಳದ ಕಚ್ಚುಗಳು ನಾಲ್ಕು ಮೂಲೆಗಳ ದಿಕ್ಕಿಗೆ. ಅದೇ ಲೆನ್ಸಿಗೆ ದುಂಡು ಹುಡ್ ಹಾಕುವುದಾದರೆ, ಮೂಲೆ ಕಪ್ಪಾಗದಂತೆ ಸುತ್ತಲೂ ಆ ಕಚ್ಚಿನ ಮಟ್ಟಕ್ಕೇ ಮೊಟಕು ಮಾಡಬೇಕು. ಬಿಸಿಲು ಬೀಳುವ ಮೇಲ್ಬದಿಯಲ್ಲೇ ನೆರಳು ಕಡಿಮೆಯಾಗುತ್ತದೆ.

ಹಾಗಿದ್ದರೆ 300 ಮಿ.ಮೀ. ಲೆನ್ಸಿಗೆ ಕೊಳವೆಯೇಕೆ? ಅದರ ನೋಟ ಮೂಲೆಯಿಂದ ಮೂಲೆಗೂ 8 ಡಿಗ್ರಿಯಷ್ಟೇ. ದುಂಡಗೆ ಕತ್ತರಿಸಿದರೂ ಬೇಕಾದಷ್ಟು ಉದ್ದ ದಕ್ಕುತ್ತದೆ, ಲೆನ್ಸನ್ನು ಬೋರಲು ನಿಲ್ಲಿಸಲೂ ಅನುಕೂಲ. ಫೋಕಸ್ ಮಾಡುವಾಗ ಮುಂದಿನ ಗಾಜು ತಿರುಗುವ ಹಳೆಯ ಕಿಟ್ ಲೆನ್ಸುಗಳಿಗೂ ದುಂಡೇ ಸರಿ. ಇಲ್ಲದಿದ್ದರೆ ಉದ್ದ ಎಸಳು ತಿರುಗಿ ಬಂದು ಮೂಲೆಗೆ ಅಡ್ಡ ನಿಲ್ಲುತ್ತದೆ. ಜೂಮ್ ಲೆನ್ಸಿನ ಕಷ್ಟ ಇನ್ನೊಂದು ಬಗೆ: ಹುಡ್ಡನ್ನು ಅತಿ ಅಗಲದ ನೋಟಕ್ಕೆ ಅಳೆದು ಮಾಡಬೇಕು, ದೂರದ ತುದಿಗೆ ಅದು ಸಾಲದು. ಕ್ಯಾನನ್‌ನ 2002ರ 24-70 ಎಫ್/2.8 ಲೆನ್ಸ್ ಇದನ್ನು ಗೆದ್ದ ರೀತಿ ನಿಜಕ್ಕೂ ಸೊಗಸು. ಅದರ ಮೂತಿ 24ಕ್ಕೆ ಮುಂದೆ ಬರುತ್ತದೆ, 70ಕ್ಕೆ ಒಳಸರಿಯುತ್ತದೆ. ಹುಡ್ ಮಾತ್ರ ಹೊರಮೈಗೆ ಕಚ್ಚಿಕೊಂಡು ಕದಲದೆ ನಿಲ್ಲುತ್ತದೆ. ಜೂಮ್ ಮಾಡಿದಷ್ಟೂ ನೆರಳು ಆಳವಾಗುತ್ತದೆ.

ಗಾಜಿನ ಪ್ರತಿಫಲನ ತಗ್ಗಿಸುವ ಈಗಿನ ಕೋಟಿಂಗ್ ಇರುವಾಗ ಹುಡ್ ಏತಕ್ಕೆ ಎನ್ನುವವರಿದ್ದಾರೆ. ಜೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಕುಲಾ 1935ರಲ್ಲಿ ರೂಪಿಸಿದ ಕೋಟಿಂಗ್ ದೊಡ್ಡ ಸಾಧನೆಯೇ; ಬರಿಗಾಜಿನ ಪ್ರತಿ ಮೈಯೂ ಶೇ. 4ರಷ್ಟು ಬೆಳಕನ್ನು ವಾಪಸು ಎಸೆಯುತ್ತದೆ. ಆದರೆ ಗಾಜಿನ ಮೇಲಿನ ಧೂಳು, ಬೆರಳಚ್ಚುಗಳಿಗೆ ಬಡಿದು ಚದುರುವ ಬೆಳಕನ್ನು ಕೋಟಿಂಗ್ ತಡೆಯಲಾರದು. ಚೌಕಟ್ಟಿನಾಚೆಯ ಆ ಬಿಸಿಲು ಒಳನುಗ್ಗಿದರೆ ಕಪ್ಪು ಕೂದಲೂ ಬೂದಿ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಕಾಂಟ್ರಾಸ್ಟ್ ಏರಿಸಬಹುದು, ನಿಜ. ಆದರೆ ನೆರಳಿನಲ್ಲಿ ಅಳಿಸಿಹೋದ ಎಳೆಗಳು ಮರಳುವುದಿಲ್ಲ. ಸೂರ್ಯನೇ ಚಿತ್ರದೊಳಗಿದ್ದರೆ ಯಾವ ಹುಡ್ಡೂ ಕೈಲಾಗದ್ದು. ಅಂಚಿನಾಚೆ ಇದ್ದು ಹುಡ್ಡಿಗೆ ನಿಲುಕದಿದ್ದರೆ, ಅಂಗೈಯನ್ನು ಲೆನ್ಸಿನ ಮೇಲ್ಗಡೆ ಅಡ್ಡ ಹಿಡಿದು ಪರದೆ ನೋಡಿ: ಬಿಳಿ ಮಂಜು ಸರಿದು ಕಪ್ಪು ಮತ್ತೆ ಕಪ್ಪಾಗುವುದು ಕಣ್ಣೆದುರೇ ಕಾಣುತ್ತದೆ.