ಕಿಮುರಾ ಇಹೇ ಮತ್ತು ಅವನ ಬಳಗ: ಛಾಯಾಚಿತ್ರದ ಸಾಕ್ಷ್ಯವನ್ನು ಕುರಿತು ಒಂದು ವಿವೇಚನೆ

೧

ಶಾಸನ, ನಾಣ್ಯ, ಕಡತ, ಪ್ರವಾಸಕಥನ ಮೊದಲಾದ ಆಕರಗಳ ಪ್ರಾಮಾಣ್ಯವನ್ನು ಪರೀಕ್ಷಿಸುವ ಕ್ರಮವು ಇತಿಹಾಸಶಾಸ್ತ್ರದಲ್ಲಿ ಬಹುಕಾಲದಿಂದ ನೆಲೆಗೊಂಡಿದೆ. ಒಂದು ಶಾಸನವನ್ನು ಹಾಕಿಸಿದವರು ಯಾರು, ಯಾವ ಸಂದರ್ಭದಲ್ಲಿ ಹಾಕಿಸಿದರು, ಯಾರು ಓದಲೆಂದು ಹಾಕಿಸಿದರು ಎಂದು ವಿಚಾರಿಸದೆ ಅದರ ಮಾತನ್ನು ಯಾವ ಇತಿಹಾಸಕಾರನೂ ಒಪ್ಪುವುದಿಲ್ಲ. ಆದರೆ ಛಾಯಾಚಿತ್ರವು ಎದುರಾದಾಗ ಈ ಎಚ್ಚರ ಸಡಿಲವಾಗುವುದನ್ನು ಕಾಣುತ್ತೇವೆ. ಯಂತ್ರವು ತನ್ನ ಮುಂದಿದ್ದುದನ್ನು ಹಿಡಿದಿದೆ, ಯಂತ್ರಕ್ಕೆ ಪಕ್ಷಪಾತವಿಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಬೀದಿಯಲ್ಲಿ, ಜನರ ಗಮನಕ್ಕೆ ಬಾರದಂತೆ, ಕ್ಷಣಾರ್ಧದಲ್ಲಿ ತೆಗೆದ ಚಿತ್ರವಾದರೆ ಈ ನಂಬಿಕೆಯು ಇನ್ನೂ ಬಲವಾಗುತ್ತದೆ.

ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಲು ಜಪಾನಿನ ಛಾಯಾಗ್ರಾಹಕ ಕಿಮುರಾ ಇಹೇ (೧೯೦೧–೧೯೭೪) ಎಂಬಾತನ ಜೀವನವು ತಕ್ಕ ನಿದರ್ಶನವಾಗಿದೆ. ಜಪಾನೀಯರ ರೂಢಿಯಂತೆ ಇಲ್ಲಿ ಮನೆತನದ ಹೆಸರನ್ನು ಮೊದಲು ಬರೆದಿದೆ. ಬೀದಿಯ ಕ್ಷಣಚಿತ್ರದಲ್ಲಿಯೂ ವ್ಯಕ್ತಿಚಿತ್ರದಲ್ಲಿಯೂ ಈತನು ತನ್ನ ದೇಶದಲ್ಲಿ ಅಗ್ರಗಣ್ಯನೆನಿಸಿದನು. ಈತನನ್ನು ಕುರಿತು ಎರಡು ಬಗೆಯ ತೀರ್ಪುಗಳು ಸಾಧ್ಯ. ಆತನು ಕೇವಲ ಒಂದು ಕಣ್ಣು, ಬದುಕು ಎದುರಿಗೆ ಹಾದುಹೋದಂತೆ ಹಿಡಿದವನು, ರಾಜಕೀಯವು ಆತನಿಗೆ ಅಂಟಲಿಲ್ಲ ಎಂಬುದು ಒಂದು. ಯುದ್ಧಕಾಲದಲ್ಲಿ ಸೈನ್ಯದ ಪ್ರಚಾರಕ್ಕೆ ದುಡಿದವನಾದ್ದರಿಂದ ಆತನ ಉಳಿದ ಕೃತಿಗಳನ್ನೂ ಸಂಶಯದಿಂದಲೇ ನೋಡಬೇಕೆಂಬುದು ಇನ್ನೊಂದು. ಈ ಎರಡು ತೀರ್ಪುಗಳೂ ಚಿತ್ರವನ್ನು ಅದು ಹುಟ್ಟಿದ ಕಾರ್ಯಶಾಲೆಯಿಂದ ಬೇರ್ಪಡಿಸಿ ನೋಡುತ್ತವೆ ಎಂಬುದನ್ನೂ, ಆ ಕಾರ್ಯಶಾಲೆಯನ್ನು ಗಣನೆಗೆ ತಂದುಕೊಂಡರೆ ಮಾತ್ರ ಕಿಮುರನ ಸಾಕ್ಷ್ಯವನ್ನು ಸರಿಯಾಗಿ ತೂಗಬಹುದೆಂಬುದನ್ನೂ ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

೨

ಕಿಮುರನು ಟೋಕಿಯೋ ನಗರದ ಶಿತಾಯಾ ಭಾಗದಲ್ಲಿ, ಹೆಣೆದ ದಾರದ ಉದ್ಯಮವನ್ನು ನಡೆಸುತ್ತಿದ್ದ ಕುಟುಂಬದಲ್ಲಿ ೧೯೦೧ರ ಡಿಸೆಂಬರಿನಲ್ಲಿ ಹುಟ್ಟಿದನು. ಕುಶಲಕರ್ಮಿಗಳೂ ಸಣ್ಣ ವ್ಯಾಪಾರಿಗಳೂ ಒತ್ತಾಗಿ ಬಾಳುತ್ತಿದ್ದ ಈ ತಗ್ಗುನಗರವೇ ಮುಂದೆ ಆತನ ಚಿತ್ರಗಳ ಸ್ಥಾಯೀ ವಸ್ತುವಾಯಿತು. ತಾರುಣ್ಯದಲ್ಲಿ ಸಕ್ಕರೆ ವ್ಯಾಪಾರದ ಸಂಸ್ಥೆಯೊಂದರ ನೌಕರನಾಗಿ ಆಗ ಜಪಾನಿನ ಅಧೀನದಲ್ಲಿದ್ದ ತೈವಾನಿಗೆ ಹೋಗಿ, ಅಲ್ಲಿ ಛಾಯಾಗ್ರಹಣದ ಕೆಲಸವನ್ನು ಕಲಿತು ಹಿಂದಿರುಗಿದನು. ೧೯೨೪ರಲ್ಲಿ ಟೋಕಿಯೋದ ನಿಪ್ಪೊರಿಯಲ್ಲಿ ಸ್ವಂತ ಸ್ಟುಡಿಯೊ ತೆರೆದನು. ಹಿಂದಿನ ವರ್ಷವಷ್ಟೇ ಮಹಾಭೂಕಂಪದಿಂದ ನಗರವು ನೆಲಸಮವಾಗಿ, ಹೊಸದಾಗಿ ಎದ್ದು ನಿಲ್ಲುತ್ತಿದ್ದ ಕಾಲವದು.

ಆತನ ಮಾರ್ಗವನ್ನು ಬದಲಿಸಿದುದು ಒಂದು ಯಂತ್ರ. ೧೯೨೯ರಲ್ಲಿ ಜರ್ಮನಿಯ ಗ್ರಾಫ್ ಜೆಪ್ಪೆಲಿನ್ ವಾಯುನೌಕೆಯು ಜಗತ್ಪರ್ಯಟನೆಯ ನಡುವೆ ಜಪಾನಿಗೆ ಬಂದಿಳಿದಾಗ, ಅದರ ನಾಯಕನಾದ ಎಕೆನರನ ಬಳಿಯಿದ್ದ ಲೈಕಾ ಎಂಬ ಚಿಕ್ಕ ಕ್ಯಾಮರಾ ಕಿಮುರನ ಗಮನವನ್ನು ಸೆಳೆಯಿತು. ಮರುವರ್ಷ ಆತನೇ ಒಂದನ್ನು ಕೊಂಡನು. ಲೈಕಾ ಕೈಯಲ್ಲಿ ಅಡಗುವಂಥದು. ಚಲನಚಿತ್ರದ ಫಿಲ್ಮನ್ನೇ ಬಳಸಿ ಒಂದು ಸುರುಳಿಯಲ್ಲಿ ೩೬ ಚಿತ್ರಗಳನ್ನು ತೆಗೆಯಬಲ್ಲದು. ಮುಕ್ಕಾಲಿ, ಗಾಜಿನ ಫಲಕ, ಕಪ್ಪು ಬಟ್ಟೆ ಇವುಗಳಿಂದ ಬಿಡುಗಡೆ ಪಡೆದ ಛಾಯಾಗ್ರಾಹಕನು ಈಗ ದಾರಿಹೋಕರ ನಡುವೆ ದಾರಿಹೋಕನಾಗಿಯೇ ಸಂಚರಿಸಬಹುದಾಗಿತ್ತು.

ಈ ಹೊಸ ವಿಧಾನವು ಮೊದಲು ಜೀವನೋಪಾಯವಾದುದು ಎಲ್ಲಿ ಎಂಬುದು ವಿಚಾರಯೋಗ್ಯ. ಕಾಓ ಎಂಬ ಸಾಬೂನಿನ ಜಾಹೀರಾತು ವಿಭಾಗದಲ್ಲಿ ಕಿಮುರನು ನೌಕರನಾಗಿದ್ದನು. ಸಾಮಾನ್ಯ ಜನರ ದಿನಬಳಕೆಯ ಜೀವನವನ್ನು ತೋರಿಸುವ ಲೈಕಾ ಚಿತ್ರಗಳು ಆ ಸಾಬೂನಿನ ಪ್ರಚಾರಕ್ಕೆ ಒದಗಿದುವು. ಎಂದರೆ, ಅಕೃತ್ರಿಮವಾಗಿ ಕಾಣುವ ಚಿತ್ರಕ್ಕೆ ಜನರನ್ನು ಒಪ್ಪಿಸುವ ಶಕ್ತಿಯುಂಟೆಂಬುದನ್ನು ಜಪಾನಿನ ವ್ಯಾಪಾರೋದ್ಯಮವು ೧೯೩೦ರ ಸುಮಾರಿಗೇ ಕಂಡುಕೊಂಡಿತ್ತು. ಮುಂದೆ ಇದೇ ಶಕ್ತಿಯನ್ನು ರಾಜ್ಯವು ಬಳಸಿಕೊಂಡಿತು.

೩

ಕಿಮುರನ ಬಳಗವು ರೂಪುಗೊಂಡುದು ೧೯೩೨ರ ಮೇ ತಿಂಗಳಲ್ಲಿ ಆರಂಭವಾದ ಕೋಗಾ ಎಂಬ ಪತ್ರಿಕೆಯ ಸುತ್ತ. ಸಂಸ್ಥಾಪಕರು ಮೂವರು: ವರ್ಣಚಿತ್ರದ ಮೃದುತ್ವವನ್ನು ಅರಸಿದ ಹಳೆಯ ಪಂಥದಲ್ಲಿ ಹೆಸರುವಾಸಿಯಾಗಿದ್ದ ನೊಜಿಮಾ ಯಾಸುಜೋ, ನ್ಯೂಯಾರ್ಕ್ ಪ್ಯಾರಿಸ್‌ಗಳಲ್ಲಿ ಇದ್ದು ಬಂದ ನಕಾಯಾಮಾ ಇವಾತಾ ಮತ್ತು ಕಿಮುರಾ. ಮೊದಲ ಸಂಚಿಕೆಯಲ್ಲಿಯೇ ವಿಮರ್ಶಕ ಇನಾ ನೊಬುಓ ಬರೆದ ಲೇಖನವು ಛಾಯಾಗ್ರಹಣವು ಚಿತ್ರಕಲೆಯ ಅನುಕರಣವನ್ನು ಬಿಟ್ಟು ತನ್ನ ಯಂತ್ರಧರ್ಮಕ್ಕೆ ಮರಳಬೇಕು, ಕಾಲದ ಮತ್ತು ಸಮಾಜದ ದಾಖಲೆಯಾಗಬೇಕು ಎಂದು ಸಾರಿತು. ಪತ್ರಿಕೆಯು ೧೮ ಸಂಚಿಕೆಗಳ ಬಳಿಕ ೧೯೩೩ರ ಕೊನೆಗೆ ನಿಂತುಹೋದರೂ ಆ ವಾದವು ನಿಲ್ಲಲಿಲ್ಲ. ಇನಾ ತತ್ತ್ವವಾಗಿ ಹೇಳಿದುದನ್ನು ಬೀದಿಯಲ್ಲಿ ಮಾಡಿ ತೋರಿಸಿದವನು ಕಿಮುರಾ.

ಅದೇ ೧೯೩೩ರಲ್ಲಿ, ಜರ್ಮನಿಯ ಸಚಿತ್ರ ಪತ್ರಿಕೆಗಳಲ್ಲಿ ಕೆಲಸಮಾಡಿ ಬಂದಿದ್ದ ನತೊರಿ ಯೋನೊಸುಕೆ ಎಂಬ ತರುಣನು ನಿಪ್ಪೋನ್ ಕೋಬೋ ಎಂಬ ಕಾರ್ಯಶಾಲೆಯನ್ನು ಸ್ಥಾಪಿಸಿದನು. ಕಿಮುರಾ, ಇನಾ, ವಿನ್ಯಾಸಕಾರ ಹಾರಾ ಹಿರೋಮು ಮತ್ತು ನಟ ಒಕಾದಾ ಸೋಜೋ ಅದನ್ನು ಸೇರಿದರು. ಆ ಡಿಸೆಂಬರಿನಲ್ಲಿ ಗಿಂಜಾ ಬೀದಿಯಲ್ಲಿ ನಡೆದ ಸಾಹಿತಿಗಳ ವ್ಯಕ್ತಿಚಿತ್ರಗಳ ಪ್ರದರ್ಶನವು ಕಿಮುರನಿಗೆ ಕೀರ್ತಿಯನ್ನು ತಂದಿತು. ಸ್ಟುಡಿಯೊದ ದೀಪಗಳ ಮುಂದೆ ಬಿಗಿದುಕೊಂಡು ಕುಳಿತ ಲೇಖಕನ ಬದಲು, ಮಾತಿನ ನಡುವೆ ಕೈಯೆತ್ತಿದ, ನಕ್ಕ, ಯೋಚನೆಗೆ ಜಾರಿದ ಲೇಖಕನನ್ನು ಅಲ್ಲಿ ಜನರು ಕಂಡರು. ಬೀದಿಯ ಕ್ಷಣಚಿತ್ರದ ವಿಧಾನವನ್ನೇ ಆತನು ಮನೆಯೊಳಕ್ಕೆ ಕೊಂಡೊಯ್ದಿದ್ದನು. ಮರುವರ್ಷವೇ ಬಳಗವು ಒಡೆಯಿತು. ನತೊರಿಯು ಕಾರ್ಯಶಾಲೆಯನ್ನು ಬೇರೆಯಾಗಿ ಮುಂದುವರಿಸಿ, ವಿದೇಶೀಯರಿಗಾಗಿ ನಿಪ್ಪೋನ್ ಎಂಬ ಪತ್ರಿಕೆಯನ್ನು ಹೊರಡಿಸಿದನು. ಉಳಿದ ನಾಲ್ವರು ಚೂಓ ಕೋಬೋ ಎಂಬ ಮತ್ತೊಂದು ಕಾರ್ಯಶಾಲೆಯನ್ನು ಕಟ್ಟಿದರು. ನತೊರಿಯ ಕಾರ್ಯಶಾಲೆಗೆ ೧೯೩೫ರಲ್ಲಿ ಬಂದು ಸೇರಿದವನು ದೋಮೊನ್ ಕೆನ್.

ದೋಮೊನ್ ಮತ್ತು ಕಿಮುರಾ ಇಬ್ಬರ ವ್ಯಕ್ತಿಚಿತ್ರಗಳನ್ನು ಹೋಲಿಸಿದಲ್ಲಿ ಕಿಮುರನ ಗುಣವೂ ಮಿತಿಯೂ ಒಟ್ಟಿಗೆ ತಿಳಿಯುತ್ತವೆ. ದೋಮೊನನು ವ್ಯಕ್ತಿಯನ್ನು ಮುತ್ತಿಗೆ ಹಾಕುವವನು. ಚಿತ್ರಕಾರ ಉಮೆಹಾರಾ ರ್ಯೂಜಾಬುರೋ ಈ ಹಟಕ್ಕೆ ರೋಸಿ ಕುರ್ಚಿಯನ್ನೆತ್ತಿ ನೆಲಕ್ಕೆ ಅಪ್ಪಳಿಸಿದ ಪ್ರಸಂಗ ಪ್ರಸಿದ್ಧವಾಗಿದೆ. ಕಿಮುರನಾದರೋ ವ್ಯಕ್ತಿಯು ತನ್ನನ್ನು ಮರೆಯುವ ತನಕ ಕಾದು, ಮರೆತೊಡನೆ ಚಿತ್ರ ತೆಗೆಯುವವನು. ೧೯೫೪ರಲ್ಲಿ ಅಸಕುಸಾದಲ್ಲಿ ಆತನು ತೆಗೆದ ಕಾದಂಬರಿಕಾರ ನಗಾಇ ಕಾಫೂವಿನ ಚಿತ್ರವು ವ್ಯಕ್ತಿಚಿತ್ರವೋ ಬೀದಿಯ ಚಿತ್ರವೋ ಹೇಳಲು ಬಾರದು. ಆ ಬೀದಿಗಳಲ್ಲಿ ಅಲೆಯುತ್ತ ಬಾಳಿದ ಆ ಲೇಖಕನಿಗೆ ಬೀದಿಯೇ ಮನೆಯಾಗಿತ್ತು. ದೋಮೊನನ ಚಿತ್ರದಲ್ಲಿ ಛಾಯಾಗ್ರಾಹಕನ ಅಭಿಪ್ರಾಯವು ಎದ್ದು ಕಾಣುತ್ತದೆ. ಕಿಮುರನಲ್ಲಿ ಅದು ಕಾಣದು. ಅಭಿಪ್ರಾಯವನ್ನು ಹೇರದ ಚಿತ್ರಕ್ಕೆ ಬೇರೆಯವರು ತಮ್ಮ ಅಭಿಪ್ರಾಯವನ್ನು ಸುಲಭವಾಗಿ ತೊಡಿಸಬಹುದೆಂಬುದನ್ನು ಇಲ್ಲಿಯೇ ನೆನಪಿನಲ್ಲಿಡಬೇಕು.

೪

ಯುದ್ಧದ ವರ್ಷಗಳು ಈ ಮಾತಿಗೆ ಪ್ರಮಾಣವನ್ನು ಒದಗಿಸುತ್ತವೆ. ೧೯೪೩ರಲ್ಲಿ ಕಿಮುರನ ಮಾಂಚೂರಿಯಾ ಚಿತ್ರಗಳ ಸಂಪುಟವು ಪ್ರಕಟವಾಯಿತು. ಅದರ ಹೆಸರು ಓದೋ ರಕುದೋ. ಧರ್ಮರಾಜ್ಯದ ಸುಖಭೂಮಿ ಎಂಬರ್ಥದ ಈ ನುಡಿಗಟ್ಟು ಜಪಾನೀ ಸೈನ್ಯವು ೧೯೩೨ರಲ್ಲಿ ಸ್ಥಾಪಿಸಿದ ಮಾಂಚುಕುಒ ರಾಜ್ಯದ ಅಧಿಕೃತ ಘೋಷಣೆ. ಕ್ಯಾಮರಾ ಹಿಡಿದುದು ಬೀದಿಯನ್ನು, ಮುಖವನ್ನು, ಕೆಲಸದಲ್ಲಿ ತೊಡಗಿದ ಕೈಗಳನ್ನು. ಆದರೆ ಹೊದಿಕೆಯ ಮೇಲಿನ ಹೆಸರು ಅವೆಲ್ಲವನ್ನೂ ಆಕ್ರಮಣದ ಸಮರ್ಥನೆಯಾಗಿ ಮಾರ್ಪಡಿಸಿತು.

ಇದಕ್ಕಿಂತ ಗಂಭೀರವಾದುದು ತೋಹೋಶಾ ಸಂಸ್ಥೆಯ ವಿಷಯ. ಸೈನ್ಯದ ಪ್ರಧಾನ ಕಚೇರಿಯ ಬೆಂಬಲದಿಂದ ೧೯೪೧ರಲ್ಲಿ ಹುಟ್ಟಿದ ಈ ಸಂಸ್ಥೆಯ ಮೊದಲ ಮುಖ್ಯಸ್ಥನು ಒಕಾದಾ, ಕಲಾವಿಭಾಗದ ಮುಖ್ಯಸ್ಥನು ಹಾರಾ, ಛಾಯಾಗ್ರಹಣ ವಿಭಾಗದ ಮುಖ್ಯಸ್ಥನು ಕಿಮುರಾ. ಚೂಓ ಕೋಬೋ ಬಳಗವೇ ಇಲ್ಲಿ ಮತ್ತೆ ಕೂಡಿತ್ತು. ೧೯೪೨ರಿಂದ ಅವರು ಹೊರಡಿಸಿದ ಫ್ರಂಟ್ ಎಂಬ ದೊಡ್ಡ ಆಕಾರದ ಪತ್ರಿಕೆಯು ಸೋವಿಯತ್ ಪ್ರಚಾರಪತ್ರಿಕೆಯೊಂದನ್ನು ಮಾದರಿಯಾಗಿ ಇಟ್ಟುಕೊಂಡಿತ್ತು. ನೌಕಾಬಲವನ್ನು ಕುರಿತ ಅದರ ಮೊದಲ ಸಂಚಿಕೆಯು ೧೫ ಭಾಷೆಗಳಲ್ಲಿ ಅಚ್ಚಾಯಿತು. ಚಿತ್ರಗಳನ್ನು ಕತ್ತರಿಸಿ, ಜೋಡಿಸಿ, ಬಣ್ಣ ಸಿಂಪಡಿಸಿ ತಿದ್ದಿ, ಇರುವ ಬಲವನ್ನು ಇಮ್ಮಡಿಯಾಗಿ ತೋರಿಸುವ ಕೌಶಲವು ಅದರಲ್ಲಿ ಪರಾಕಾಷ್ಠೆಯನ್ನು ಮುಟ್ಟಿತು. ಯುದ್ಧದ ಕೊನೆಯ ಘಟ್ಟದಲ್ಲಿ ಭಾರತವನ್ನು ಕುರಿತ ಒಂದು ವಿಶೇಷ ಸಂಚಿಕೆಯೂ ಸಿದ್ಧವಾಯಿತೆಂಬುದನ್ನು ನಾವು ಗಮನಿಸಬೇಕು. ಈ ಚಿತ್ರಗಳು ಒಲಿಸಿಕೊಳ್ಳಬಯಸಿದ ಜನರಲ್ಲಿ ನಮ್ಮ ದೇಶದವರೂ ಇದ್ದರು.

ಇಲ್ಲಿ ಒಂದು ಸಮಾಧಾನವನ್ನು ಹೇಳಬಹುದು. ಅಂದಿನ ಜಪಾನಿನಲ್ಲಿ ಫಿಲ್ಮು ಕಾಗದಗಳು ದೊರೆಯುವುದೇ ಕಷ್ಟವಾಗಿದ್ದಾಗ, ರಾಜ್ಯಕ್ಕೆ ದುಡಿಯದೆ ಛಾಯಾಗ್ರಾಹಕನು ಬಾಳುವುದು ಹೇಗೆ? ಈ ಪ್ರಶ್ನೆಯು ಉಪೇಕ್ಷೆಗೆ ಅರ್ಹವಲ್ಲ. ಆದರೂ ಅದೇ ಸಂಸ್ಥೆಯಲ್ಲಿದ್ದ, ಅದೇ ಶಿತಾಯಾದಲ್ಲಿ ಹುಟ್ಟಿದ ಹಮಾಯಾ ಹಿರೋಶಿಯು ೧೯೪೩ರಲ್ಲಿ ಅದನ್ನು ಬಿಟ್ಟು ಹೊರಟನು. ಬಿಡುವುದು ಅಸಾಧ್ಯವಾಗಿರಲಿಲ್ಲ. ಕಿಮುರನು ಉಳಿದನು. ಆತನು ಚಿತ್ರ ತೆಗೆದನಷ್ಟೇ, ತಿದ್ದಿ ಜೋಡಿಸಿದವರು ಬೇರೆ ಎಂಬ ವಾದವೂ ನಿಲ್ಲದು. ವಿಭಾಗದ ಮುಖ್ಯಸ್ಥನಿಗೆ ತನ್ನ ಚಿತ್ರಗಳು ಹೋಗಿ ಸೇರುವ ಪುಟವು ಎಂಥದೆಂದು ತಿಳಿಯದೆ ಇರಲಾರದು.

೫

ಈ ಕಾರಣದಿಂದ ಯುದ್ಧಾನಂತರದ ಚಿತ್ರಗಳನ್ನು ತಳ್ಳಿಹಾಕಬೇಕೆ? ಹಾಗೆ ಮಾಡಿದರೆ ಇತಿಹಾಸಕ್ಕೆ ತುಂಬಲಾಗದ ನಷ್ಟವುಂಟಾಗುತ್ತದೆ. ಸೋಲಿನ ಕೆಲವೇ ತಿಂಗಳುಗಳಲ್ಲಿ ತೋಹೋಶಾದವರೇ ಬುಂಕಾಶಾ ಎಂಬ ಹೊಸ ಹೆಸರಿನಿಂದ ಕೂಡಿ, ೧೯೪೫ರ ಶರತ್ಕಾಲದ ಟೋಕಿಯೋವನ್ನು ಕುರಿತ ಚಿತ್ರಸಂಪುಟವನ್ನು ೧೯೪೬ರಲ್ಲಿ ಹೊರತಂದರು. ಕಿಮುರನೊಡನೆ ಅದರಲ್ಲಿ ದುಡಿದ ಕಿಕುಚಿ ಶುಂಕಿಚಿಯು ಅಣುಬಾಂಬಿಗೆ ತುತ್ತಾದ ಹಿರೋಶಿಮಾವನ್ನು ಆ ಶರತ್ಕಾಲದಲ್ಲಿಯೇ ಚಿತ್ರಿಸಿದವನು. ೧೯೪೯ರಲ್ಲಿ ಹಿರೋಶಿಮಾದ ಪುನರುಜ್ಜೀವನವನ್ನು ಕುರಿತ ಪುಸ್ತಕವನ್ನು ಸಿದ್ಧಪಡಿಸಿದುದೂ ಇದೇ ಬಳಗ. ಕ್ಯಾಮರಾಗಳು ಅವೇ, ಕೈಗಳು ಅವೇ, ಪುಟಗಳನ್ನು ಜೋಡಿಸುವ ಕೌಶಲವೂ ಅದೇ; ಬದಲಾದುದು ಕೆಲಸವನ್ನು ಒಪ್ಪಿಸಿದವರು ಮತ್ತು ನೋಡಲಿರುವವರು. ನಮ್ಮ ವಾದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕಿಲ್ಲ.

೧೯೫೦ರಲ್ಲಿ ವೃತ್ತಿಛಾಯಾಗ್ರಾಹಕರ ಸಂಘವು ಸ್ಥಾಪಿತವಾದಾಗ ಕಿಮುರನೇ ಮೊದಲ ಅಧ್ಯಕ್ಷನಾದನು. ಅದೇ ಕಾಲದಲ್ಲಿ ದೋಮೊನನು ಪತ್ರಿಕಾ ಸ್ಪರ್ಧೆಗಳ ಮೂಲಕ ದೇಶದ ಹವ್ಯಾಸಿಗಳಿಗೆ ವಾಸ್ತವವಾದದ ದೀಕ್ಷೆಯನ್ನು ಕೊಡುತ್ತಿದ್ದನು. ಏನನ್ನೂ ಜೋಡಿಸದ, ಏನನ್ನೂ ಅಭಿನಯಿಸದ ಕ್ಷಣಚಿತ್ರವೊಂದೇ ಸತ್ಯವೆಂಬುದು ಅವನ ಪಂಥದ ಸೂತ್ರ. ಈ ಸೂತ್ರಕ್ಕೆ ಅತ್ಯುತ್ತಮ ಉದಾಹರಣೆ ಕಿಮುರನ ಚಿತ್ರಗಳಲ್ಲಿಯೇ ದೊರೆಯುತ್ತದೆಂದು ತೋರುತ್ತದೆ. ೧೯೫೩ರ ಹೊಂಗೋ ಮೊರಿಕಾವಾಚೋ ಎಂಬ ಚಿತ್ರದಲ್ಲಿ ಬೀದಿಯ ಜನರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ನಡೆದಿದ್ದಾರೆ. ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ. ಯುದ್ಧ ಮುಗಿದು ೮ ವರ್ಷಗಳಾದ ನಗರದ ಉಡುಪು, ನಡಿಗೆ, ಅವಸರ ಎಲ್ಲವೂ ಅಲ್ಲಿ ಉಳಿದಿವೆ. ಘೋಷಣೆಯೊಂದನ್ನು ಈ ಚಿತ್ರಕ್ಕೆ ತೊಡಿಸುವುದು ಕಷ್ಟ.

೧೯೫೨ರಿಂದ ೧೯೭೧ರ ತನಕ ಈತನು ಈಶಾನ್ಯ ಜಪಾನಿನ ಅಕಿತಾ ಪ್ರಾಂತಕ್ಕೆ ೨೦ಕ್ಕೂ ಹೆಚ್ಚು ಬಾರಿ ಹೋದನು. ನಾಟಿ, ಕುದುರೆಗಳು, ಹಿಮ, ಮುದುಕಿಯರ ಹರಟೆ ಇವುಗಳನ್ನು ಹಿಡಿದಿಟ್ಟ ಆ ಚಿತ್ರಗಳಲ್ಲಿ, ಭೂಸುಧಾರಣೆಯ ಅನಂತರ ಯಂತ್ರಗಳು ಬಂದು ಕುದುರೆಗಳು ಮರೆಯಾದ ಎರಡು ದಶಕಗಳ ಗ್ರಾಮಜೀವನವು ದಾಖಲಾಗಿದೆ. ೧೯೫೩ರ ಒಂದು ಚಿತ್ರದಲ್ಲಿ ಮಳೆಬಿಸಿಲುಗಳಿಗೆ ಮಾಗಿದ ಹಲಗೆಯ ಬೇಲಿಯುಂಟು. ಅಂಚಿನಲ್ಲಿ ಚೌಕಟ್ಟಿನಿಂದ ಹೊರನಡೆಯುತ್ತಿರುವ ಕುದುರೆಯ ಹಿಂಭಾಗ ಮಾತ್ರ ಕಾಣುತ್ತದೆ. ಒಂದು ಆರ್ಥಿಕ ಪರಿವರ್ತನೆಯ ವೃತ್ತಾಂತವನ್ನು ಇಷ್ಟು ಸಂಕ್ಷೇಪವಾಗಿ ಹೇಳಿದ ದಾಖಲೆ ವಿರಳ. ಆದರೆ ಅದೇ ೧೯೫೩ರ, ಅದೇ ಪ್ರಾಂತದ ಅತ್ಯಂತ ಜನಪ್ರಿಯ ಚಿತ್ರವಾದ ಅಕಿತಾದ ತರುಣಿಯು ಛಾಯಾಗ್ರಾಹಕರ ಕೂಟವೊಂದಕ್ಕಾಗಿ ಹೊಲದ ಉಡುಪನ್ನು ತೊಟ್ಟು ನಿಂತ ಯುವತಿಯ ವ್ಯಕ್ತಿಚಿತ್ರ. ಮುಖದ ಸೌಂದರ್ಯಕ್ಕೆ ಕುಂದಿಲ್ಲ. ಆದರೆ ರೈತಸ್ತ್ರೀಯ ಬದುಕಿಗೆ ಅದನ್ನು ಪ್ರಮಾಣವಾಗಿ ಇಟ್ಟುಕೊಳ್ಳುವ ಇತಿಹಾಸಕಾರನು ತಪ್ಪುದಾರಿ ಹಿಡಿಯುತ್ತಾನೆ. ಬೇಲಿಯೂ ತರುಣಿಯೂ ಒಬ್ಬನ ಕೃತಿಗಳೇ. ಸಾಕ್ಷ್ಯವಾಗಿ ಎರಡರ ತೂಕವೂ ಒಂದಲ್ಲ.

ವಿದೇಶಪ್ರವಾಸದ ಚಿತ್ರಗಳನ್ನು ಕುರಿತು ಒಂದು ಮಾತು ಸಾಕು. ೧೯೫೪ರಲ್ಲಿ ಪ್ಯಾರಿಸ್ಸಿಗೆ ಹೋದ ಕಿಮುರನು ಕಾರ್ಟಿಯೇ-ಬ್ರೆಸ್ಸೋನ್ ಮತ್ತು ದ್ವಾನೋ ಎಂಬ ಪ್ರಸಿದ್ಧರನ್ನು ಕಂಡು, ಆಗಿನ ಮಂದಗತಿಯ ಜಪಾನೀ ವರ್ಣಫಿಲ್ಮಿನಲ್ಲಿ ಆ ನಗರವನ್ನು ಚಿತ್ರಿಸಿದನು. ಆ ಚಿತ್ರಗಳ ಸಂಪುಟವು ಆತನು ತೀರಿಕೊಂಡ ೧೯೭೪ರಲ್ಲಿ ಹೊರಬಂದಿತು. ಅವು ರಮ್ಯವಾಗಿವೆ, ಅಕಿತಾದ ಆಳ ಅವುಗಳಲ್ಲಿಲ್ಲ.

೬

ಮೇಲಿನ ವಿವೇಚನೆಯಿಂದ ಫಲಿಸುವುದಿಷ್ಟು. ಕಿಮುರನ ವೈಶಿಷ್ಟ್ಯವು ಆತನ ಅನಾಗ್ರಹ. ತೀರ್ಪು ಕೊಡದೆ ನೋಡುವ ಈ ಗುಣದಿಂದಲೇ ಆತನ ಟೋಕಿಯೋ ಮತ್ತು ಅಕಿತಾ ಚಿತ್ರಗಳಲ್ಲಿ, ಆತನೇ ಅಂದು ಗಮನಿಸದಿದ್ದ ಸಂಗತಿಗಳು ಕೂಡ ನಮಗೆ ದೊರೆಯುತ್ತವೆ. ತೀರ್ಪು ಕೊಡದ ಇದೇ ಗುಣದಿಂದ ಆತನ ಕೃತಿಯು ಸಾಬೂನಿನ ವ್ಯಾಪಾರಿಗೂ ಸೈನ್ಯಕ್ಕೂ ಸಮಾನವಾಗಿ ಒದಗಿತು. ಒಂದನ್ನು ಗುಣವೆಂದು ಹೊಗಳಿ ಇನ್ನೊಂದನ್ನು ಆಕಸ್ಮಿಕವೆಂದು ಬಿಡುವುದು ವಿಮರ್ಶೆಯಾಗಲಾರದು.

ಆದುದರಿಂದ ಛಾಯಾಚಿತ್ರವನ್ನು ಆಕರವಾಗಿ ಬಳಸುವವರು ಚೌಕಟ್ಟಿನೊಳಗೆ ಇರುವುದನ್ನು ಓದುವ ಮೊದಲು, ಅದನ್ನು ತೆಗೆಯಿಸಿದವರು ಯಾರು, ಆಯ್ದವರು ಯಾರು, ಯಾವ ಪುಟದಲ್ಲಿ ಯಾವ ಹೆಸರಿನ ಕೆಳಗೆ ಅದು ಮೊದಲು ಕಾಣಿಸಿಕೊಂಡಿತು ಎಂದು ವಿಚಾರಿಸಬೇಕು. ಕಿಮುರನ ಹೆಸರಿನಲ್ಲಿ ೧೯೭೫ರಲ್ಲಿ ಸ್ಥಾಪಿತವಾದ ಪ್ರಶಸ್ತಿಯು ಜಪಾನಿನ ತರುಣ ಛಾಯಾಗ್ರಾಹಕರಿಗೆ ದೊಡ್ಡ ಗೌರವವಾಗಿ ಪರಿಣಮಿಸಿದೆ. ಆ ಗೌರವಕ್ಕೆ ಆತನು ಅರ್ಹನೇ. ಆದರೆ ಆತನ ಕೃತಿಗಳ ಪಟ್ಟಿಯನ್ನು ಬರೆಯುವವರು ಅಕಿತಾದ ಬೇಲಿಯ ಪಕ್ಕದಲ್ಲಿಯೇ ಫ್ರಂಟ್ ಪತ್ರಿಕೆಯ ಪುಟಗಳನ್ನೂ ಇಡಬೇಕು. ಎರಡನ್ನೂ ಒಟ್ಟಿಗೆ ಕಂಡವರಿಗೆ ಮಾತ್ರ ಆ ಶತಮಾನದ ಜಪಾನು ಪೂರ್ಣವಾಗಿ ಗೋಚರವಾಗುತ್ತದೆ.