ವಾಡೆವಿಲ್ ಹಾಡು ಮತ್ತು ಕೂಲಿಯ ಲೆಕ್ಕ

ಅಮೆರಿಕದ ಜನಪ್ರಿಯ ಹಾಡಿನ ಮೇಲೆ ವಾಡೆವಿಲ್ ರಂಗದ 'ಪ್ರಭಾವ' ಇದೆ ಅಂತ ಪಂಡಿತರು ಬರೆಯುತ್ತಾರೆ. ಗೆಳೆಯರೇ, ಈ ಪದ ಬಲು ನಯವಾದುದು. ಅದರೊಳಗೆ ದುಡಿದವರ ಬೆವರು ಕಾಣೋದಿಲ್ಲ.

ವಾಡೆವಿಲ್ ಅಂದರೆ ಕುಣಿತ, ನಗೆಯಾಟ, ಕಸರತ್ತು, ಹಾಡು ಒಂದರ ಹಿಂದೊಂದು ಬರುವ ಟಿಕೆಟ್ಟಿನ ಆಟ. 1880ರ ದಶಕದಿಂದ 1930ರ ಆಸುಪಾಸಿನವರೆಗೆ ಅದರ ಭರಾಟೆ. ಕೆಲವೇ ನಿಮಿಷಗಳಲ್ಲಿ ಗ್ಯಾಲರಿಯ ಮಂದಿಯನ್ನು ಗೆಲ್ಲಬೇಕು. ಅದಕ್ಕೇ ಹಾಡು ಚಿಕ್ಕದಾಯಿತು, ಪಲ್ಲವಿ ಬಾಯಿಗೆ ಹತ್ತುವಂತಾಯಿತು. ಕೇಳಿದವರು ಅಚ್ಚಾದ ಸ್ವರಲಿಪಿ ಕೊಂಡರು; ಪ್ರಕಾಶಕರು ಕೊಬ್ಬಿದರು.

ಆ ರಂಗದಲ್ಲಿ ಕರಿಯರ ಪಾಡೇನು? ಬರ್ಟ್ ವಿಲಿಯಮ್ಸ್ ಸ್ವತಃ ಕರಿಯ. ಆದರೂ ಸುಟ್ಟ ಬೆಂಡಿನ ಮಸಿ ಮುಖಕ್ಕೆ ಬಳಿದುಕೊಂಡೇ ಬಿಳಿಯರನ್ನು ನಗಿಸಬೇಕಾಯಿತು. 1920ರಲ್ಲಿ ವಾಡೆವಿಲ್ ಗಾಯಕಿ ಮೇಮಿ ಸ್ಮಿತ್ ಹಾಡಿದ 'ಕ್ರೇಜಿ ಬ್ಲೂಸ್' ಭರ್ಜರಿಯಾಗಿ ಮಾರಾಟವಾದ ಮೇಲೇ ರೆಕಾರ್ಡು ಕಂಪನಿಗಳಿಗೆ ಕರಿಯರೂ ಗಿರಾಕಿಗಳು ಅನ್ನೋದು ಹೊಳೆದದ್ದು. 1923ರಲ್ಲಿ ಬೆಸ್ಸಿ ಸ್ಮಿತ್ 'ಡೌನ್‌ಹಾರ್ಟೆಡ್ ಬ್ಲೂಸ್' ಹಾಡಿದಳು. ಡೇರೆ ಆಟಗಳಲ್ಲಿ ಮೈಕಿಲ್ಲದೆ ಪಳಗಿದ ಕಂಠ ಅದು. ಅವಳಿಗೆ ಸಿಕ್ಕಿದ್ದು ಹಾಡಿಗಿಷ್ಟು ಅಂತ ಕೂಲಿ. ಮಾರಿದ ರೆಕಾರ್ಡುಗಳಲ್ಲಿ ಪಾಲಿಲ್ಲ.

1937ರಲ್ಲಿ ಕಾರು ಅಪಘಾತದಲ್ಲಿ ಸತ್ತಳು. ಮೂವತ್ತು ವರ್ಷ ದಾಟಿದರೂ ಗೋರಿಗೆ ಹೆಸರಿನ ಕಲ್ಲಿರಲಿಲ್ಲ. 1970ರಲ್ಲಿ ಅದರ ಖರ್ಚು ಹೊತ್ತವರು ಇಬ್ಬರು: ಅವಳ ಹಾಡಿನಿಂದ ಕಲಿತ ಬಿಳಿ ಗಾಯಕಿ ಜಾನಿಸ್ ಜೋಪ್ಲಿನ್, ಬಾಲ್ಯದಲ್ಲಿ ಅವಳ ಮನೆಗೆಲಸ ಮಾಡಿದ್ದ ಜುವಾನಿಟಾ ಗ್ರೀನ್.

ಹಾಡಿನ ಚರಿತ್ರೆ ಬರೆಯುವವರು ರಾಗ-ತಾಳದ ಜೊತೆಗೆ ಈ ಕೂಲಿಯ ಲೆಕ್ಕವನ್ನೂ ಬರೆಯಲಿ. ಆಗ 'ಪ್ರಭಾವ' ಅನ್ನೋ ಜಾಗದಲ್ಲಿ 'ಸಾಲ' ಅಂತ ತಿದ್ದಬೇಕಾಗುತ್ತೆ.