ಎತ್ತಿನ ಕೈಗೆ ಕುದುರೆಮರಿ

ಎತ್ತು ಕಟ್ಟಿ ಬೆಳೆದ ಮನೆಗೆ ಮೊದಲ ಸಲ ಕುದುರೆಮರಿ ಬಂತೆಂದರೆ, ಮರಿಗಿಂತ ಮೊದಲು ಪಳಗಬೇಕಾದವನು ಅದರ ಮಾಲೀಕ. ಆಳಂದ, ಅಫಜಲಪುರ, ಜೇವರ್ಗಿ ಕಡೆಯವರಿಗೆ ಜಾನುವಾರು ಹೊಸದೇನಲ್ಲ. ಹೋರಿಯ ಇಣಿ, ಕೊಂಬು, ನಡೆ ನೋಡಿ ಅದರ ಬೆಲೆ ಹೇಳುವ ಹಿರಿಯರು ಇಲ್ಲಿ ಊರಿಗೊಬ್ಬರಾದರೂ ಸಿಗುತ್ತಾರೆ. ತೊಡಕು ಇರುವುದೂ ಆ ಅನುಭವದಲ್ಲೇ. ಎತ್ತಿಗೆ ಒಪ್ಪಿದ ಮೇವು, ನೆಲ, ಹಗ್ಗ ಕುದುರೆಗೂ ಒಪ್ಪೀತು ಎಂದು ನಂಬಿ ಮರಿ ಕಳೆದುಕೊಳ್ಳುವವರು ಬಹಳ.

ದೀಪಾವಳಿಯ ಹೊತ್ತಿಗೆ ಕುದುರೆ ಬಾಜಾರುಗಳು ಶುರುವಾಗುತ್ತವೆ. ಸೋಲಾಪುರ ಜಿಲ್ಲೆಯ ಅಕಲೂಜ, ನಾಂದೇಡ ಜಿಲ್ಲೆಯ ಮಾಳೇಗಾಂವದ ಖಂಡೋಬಾ ಜಾತ್ರೆ, ದೂರದ ತಾಪಿ ದಂಡೆಯ ಸಾರಂಗಖೇಡಾದ ದತ್ತ ಜಾತ್ರೆ, ಹೀಗೆ ಒಂದರ ಹಿಂದೊಂದು. ನಮ್ಮವರು ಕುದುರೆಗಾಗಿ ಗಡಿ ದಾಟುವುದು ಈಗಿನ ಮಾತು. ಐನೂರೈವತ್ತು ವರ್ಷದ ಹಿಂದೆ ಕುದುರೆಗಳೇ ಆಳಂದಕ್ಕೆ ಬರುತ್ತಿದ್ದವು. 1470ರ ಸುಮಾರಿಗೆ ಬೀದರಿನಲ್ಲಿದ್ದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ಆಳಂದದ ಶೇಖ್ ಅಲಾವುದ್ದೀನರ ಸಮಾಧಿಯ ಬಳಿ ವರ್ಷಕ್ಕೊಮ್ಮೆ ಹತ್ತು ದಿನ ನಡೆಯುತ್ತಿದ್ದ ಸಂತೆಯನ್ನು ಬಣ್ಣಿಸಿದ್ದಾನೆ. ಇಂದು ನಾವು ಲಾಡ್ಲೆ ಮಶಾಕ ದರ್ಗಾ ಎನ್ನುವುದು ಅದನ್ನೇ. ಮಾರಾಟಕ್ಕೆ ಬರುವ ಕುದುರೆಗಳು ಇಪ್ಪತ್ತು ಸಾವಿರದವರೆಗೆ ಎಂಬುದು ಅವನ ಲೆಕ್ಕ. ವ್ಯಾಪಾರಿಯ ಅಂದಾಜು ತುಸು ಉಬ್ಬಿದ್ದರೂ ಸಂತೆ ದೊಡ್ಡದೇ ಇದ್ದಿರಬೇಕು.

ನಿಕಿತಿನ್ ಸ್ವತಃ ಒಂದು ಗಂಡು ಕುದುರೆಯನ್ನು ಸಮುದ್ರದ ಮೇಲೆ ತಂದಿದ್ದ. ಜುನ್ನರದ ಅಧಿಕಾರಿ ಅದನ್ನು ಕಿತ್ತುಕೊಂಡು ಮರಳಿಸಿದ ಮೇಲೆ, ಕೊನೆಗೆ ಬೀದರಿನಲ್ಲಿ ಮಾರಿದ. ಅದಕ್ಕೆ ತಗುಲಿದ ಖರ್ಚನ್ನೂ, ಒಂದು ವರ್ಷ ಮೇಯಿಸಿದ್ದನ್ನೂ ಮರೆಯದೆ ಬರೆದಿಟ್ಟಿದ್ದಾನೆ. ಇಲ್ಲಿನವರು ಕುದುರೆಗೆ ಕಡಲೆ ತಿನ್ನಿಸುತ್ತಾರೆಂದೂ ಈ ನಾಡಿನಲ್ಲಿ ಕುದುರೆ ಹುಟ್ಟುವುದಿಲ್ಲವೆಂದೂ ಅವನ ಹೇಳಿಕೆ. ಕಡಲೆಯ ಮಾತು ನಿಜ. ಹುಟ್ಟುವುದಿಲ್ಲ ಎಂಬುದಕ್ಕೆ ಭೀಮೆಯೇ ಉತ್ತರ ಕೊಟ್ಟಳು. ಮರಾಠರ ದಂಡಿನಲ್ಲಿ ಹೆಸರು ಮಾಡಿದ ಭೀಮಥಡಿ ತಟ್ಟು ಅವಳ ದಂಡೆಯದೇ. ಪುಣೆ, ಸೋಲಾಪುರ ಸೀಮೆಯ ಆ ಗಿಡ್ಡ, ಗಟ್ಟಿಮುಟ್ಟಾದ ಕುದುರೆ ಈಚೆಗೆ ದೇಶದ ಎಂಟನೇ ಕುದುರೆ ತಳಿಯಾಗಿ ಅಧಿಕೃತವಾಗಿ ದಾಖಲಾಗಿದೆ. ಅದೇ ನದಿಯ ಕೆಳದಂಡೆಯಲ್ಲಿರುವ ಅಫಜಲಪುರ, ಜೇವರ್ಗಿಯ ಹೊಸಬರಿಗೆ ಎತ್ತರದ ಮಾರವಾಡಿ ತಳಿಗಿಂತ ಈ ತಟ್ಟೇ ಸರಿ ಎಂಬುದು ನನ್ನ ಅಭಿಪ್ರಾಯ. ಇಲ್ಲಿನ ಬಿಸಿಲು, ಒಣಮೇವು, ಕಲ್ಲುದಾರಿ ಅದಕ್ಕೆ ಹುಟ್ಟಿನಿಂದ ಗೊತ್ತು.

ಬಾಜಾರಿನಲ್ಲಿ ಎಲ್ಲರ ಕಣ್ಣೂ ಮೊದಲು ಸುಳಿಯ ಮೇಲೆ. ಸುಳಿಯನ್ನು ಆಮೇಲೆ ನೋಡಿ, ಮೊದಲು ಗೊರಸು ನೋಡಿ, ಹಲ್ಲು ನೋಡಿ. ಎರಡೂವರೆ ವರ್ಷಕ್ಕೆ ನಡುವಿನ ಹಾಲುಹಲ್ಲು ಬಿದ್ದು ಹೊಸ ಜೋಡಿ ಬರುತ್ತದೆ, ಮೂರೂವರೆಗೆ ಪಕ್ಕದ ಜೋಡಿ, ನಾಲ್ಕೂವರೆಗೆ ಅಂಚಿನದು. ಐದಕ್ಕೆ ಬಾಯಿ ತುಂಬುತ್ತದೆ. ಆರು ತಿಂಗಳೊಳಗೆ ತಾಯಿಯಿಂದ ಅಗಲಿಸಿದ ಮರಿಯನ್ನು ಹೊಸಬರು ಮುಟ್ಟಬಾರದು. ರೇಟು ಮಾತಾಡುವ ಮೊದಲು ಗ್ಲಾಂಡರ್ಸ್ ರಕ್ತಪರೀಕ್ಷೆಯ ಕಾಗದ ಕೇಳಿ. ಈ ರೋಗಕ್ಕೆ ಲಸಿಕೆ ಇಲ್ಲ, ಮನುಷ್ಯರಿಗೂ ಅಂಟುತ್ತದೆ, ಖಚಿತವಾದರೆ ಕಾನೂನಿನ ಪ್ರಕಾರ ಕುದುರೆಯನ್ನು ಕೊಲ್ಲಲೇಬೇಕು.

ಮನೆಗೆ ತಂದ ಮೇಲೆ ಮೊದಲ ಪ್ರಶ್ನೆ ನೆಲದ್ದು. ನಮ್ಮ ಕೊಟ್ಟಿಗೆಗಳಿಗೆ ಶಹಾಬಾದ ಫರಸಿ ಹಾಸುವ ರೂಢಿ. ಗಂಜಳ ಬಿದ್ದು ನುಣುಪಾದ ಫರಸಿಯ ಮೇಲೆ ಬೆದರಿದ ಮರಿ ಜಾರಿದರೆ ಅದರ ಕಾಲು ಹೋದಂತೆಯೇ. ಗರಸು ಮಣ್ಣು ಬಡಿದ ನೆಲ, ಮೇಲೆ ಒಣ ಹುಲ್ಲು ಸಾಕು. ಮಳೆಗಾಲದ ಎರೆ ಕೆಸರಿನಲ್ಲಿ ದಿನಗಟ್ಟಲೆ ನಿಂತರೆ ಗೊರಸಿನ ಅಡಿ ಕೊಳೆಯುತ್ತದೆ. ದಿನವೂ ಕಾಲೆತ್ತಿ ಕೆರೆದು ತೆಗೆಯಬೇಕು.

ಮೇವಿನಲ್ಲಿ ಎತ್ತಿನ ಲೆಕ್ಕ ಪೂರ್ತಿ ತಪ್ಪುತ್ತದೆ. ಎತ್ತು ಗಬಗಬ ತಿಂದು, ಮಲಗಿ ಮೆಲುಕು ಹಾಕುತ್ತದೆ. ಕುದುರೆಗೆ ಮೆಲುಕಿಲ್ಲ, ವಾಂತಿಯೂ ಇಲ್ಲ, ಹೊಟ್ಟೆಯ ಚೀಲ ಸಣ್ಣದು. ಹಗಲು ರಾತ್ರಿ ಸ್ವಲ್ಪ ಸ್ವಲ್ಪವೇ ಮೇಯಲು ಆದ ಜೀವ ಅದು. ಎರಡು ಹೊತ್ತು ಬುಟ್ಟಿ ತುಂಬ ಹಾಕಿ ಮಿಕ್ಕ ಹೊತ್ತು ಖಾಲಿ ಕಟ್ಟಿದರೆ ಹೊಟ್ಟೆನೋವು ಬರುತ್ತದೆ. ಕುದುರೆಗಳ ಜೀವ ತೆಗೆಯುವುದರಲ್ಲಿ ಅದು ಮುಂಚೂಣಿಯ ರೋಗ. ಮರಿ ಪದೇ ಪದೇ ಹೊರಳಿದರೆ, ತಿರುತಿರುಗಿ ಪಕ್ಕೆ ನೋಡಿಕೊಂಡರೆ ಮನೆಮದ್ದಿಗೆ ಕಾಯದೆ ಡಾಕ್ಟರನ್ನು ಕರೆಯಿರಿ.

ಜೋಳದ ಸೀಮೆಯವರು ಇನ್ನೊಂದನ್ನು ತಿಳಿದಿರಬೇಕು. ಎಳೆ ಜೋಳದ ಚಿಗುರು ದನಕ್ಕೆ ವಿಷವೆಂದು ಎಲ್ಲರಿಗೂ ಗೊತ್ತು. ಕುದುರೆಗೆ ಹಸಿ ಜೋಳ ವಾರಗಟ್ಟಲೆ ಹಾಕಿದರೆ ಮೂತ್ರಕೋಶ ಕೆಟ್ಟು ಹಿಂಗಾಲಿನ ಬಲವೇ ಹೋಗುತ್ತದೆ. ಚೆನ್ನಾಗಿ ಒಣಗಿದ ಕಣಿಕೆ ಸ್ವಲ್ಪ ನಡೆದೀತು. ಒಣ ಹುಲ್ಲು ಮುಖ್ಯವಾಗಿರಲಿ, ಜತೆಗೆ ಹೆಸರಲ್ಲೇ ಕುದುರೆ ಇರುವ ಕುದುರೆ ಮಸಾಲೆ ಸೊಪ್ಪು, ನೆನೆಸಿದ ಕಡಲೆ ಇಲ್ಲವೆ ಬೇಯಿಸಿದ ಹುರುಳಿ ಹಿಡಿಹಿಡಿಯಾಗಿ. ಮೈ ತುಂಬಲಿ ಎಂದು ಗೋದಿ ಬೂಸಾ ಸುರಿಯುವವರಿದ್ದಾರೆ. ಬೂಸಾದಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಕಡಿಮೆ. ಅದನ್ನೇ ನಂಬಿ ಬೆಳೆದ ಮರಿಯ ಎಲುಬು ಟೊಳ್ಳಾಗಿ ಮೋರೆ ಊದುತ್ತದೆ. ಕೋಳಿ ಆಹಾರವನ್ನಂತೂ ಹತ್ತಿರ ತರಬೇಡಿ. ಅದರಲ್ಲಿ ಬೆರೆಸುವ ಮೊನೆನ್ಸಿನ್ ಕುದುರೆಯ ಹೃದಯವನ್ನೇ ನಿಲ್ಲಿಸುತ್ತದೆ.

ಇನ್ನು ಪಳಗಿಸುವುದು. "ಮೂಗುದಾರ ಇಲ್ದ ಜೀವಾ ಹ್ಯಾಂಗ ಹಿಡೀಬೇಕ್ರೀ?" ಎಂದು ಕೇಳುವವರು ಈ ಕಡೆ ಸಾಕಷ್ಟು. ಎತ್ತಿನ ಮೂಗಿನಲ್ಲಿ ಹಗ್ಗವಿದೆ, ಜಗ್ಗಿದರೆ ಬರುತ್ತದೆ. ಕುದುರೆ ಜಗ್ಗಿದಷ್ಟೂ ಹಿಂದೆ ಜಗ್ಗುತ್ತದೆ, ಹೆದರಿದರೆ ಓಡುತ್ತದೆ. ಹಗ್ಗ ತುಸು ಬಿಗಿ ಮಾಡಿ ಕಾಯಿರಿ. ಮರಿ ಒಂದೇ ಹೆಜ್ಜೆ ಮುಂದಿಟ್ಟರೂ ಆ ಕ್ಷಣವೇ ಸಡಿಲಿಸಿ. ಸಡಿಲವಾದ ಹಗ್ಗವೇ ಅದಕ್ಕೆ ಸಿಗುವ ಬಹುಮಾನ. ಸಡಿಲಿಸಲು ತಡವಾದರೆ ಪಾಠವೂ ಕೆಟ್ಟಿತು.

ಮೊದಲ ವರ್ಷ ಮೈಮುಟ್ಟುವುದು, ಕೈಹಿಡಿದು ನಡೆಸುವುದು, ಕಾಲೆತ್ತಿಸುವುದು ಇಷ್ಟೇ. ಕಾಲೆತ್ತುವುದನ್ನು ಹಗುರಾಗಿ ನೋಡಬೇಡಿ. ಎತ್ತನ್ನು ಕೆಡವಿ, ಕಾಲು ಕಟ್ಟಿ ಲಾಳ ಬಡಿಯುತ್ತಾರೆ. ಕುದುರೆ ನಿಂತೇ ಕಾಲು ಕೊಡಬೇಕು. ದುಡಿಮೆ ಶುರುವಾಗುವವರೆಗೆ ಲಾಳ ಬೇಡ, ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಸಮ ಮಾಡಿದರೆ ಸಾಕು. ಎರಡನೇ ವರ್ಷ ರಸ್ತೆ ತೋರಿಸಿ. ಟೇಪು ಹಚ್ಚಿಕೊಂಡು ಬರುವ ಕಬ್ಬಿನ ಟ್ರ್ಯಾಕ್ಟರು, ನಾಯಿ, ಬಸ್ಸು, ನೀರು ಎಲ್ಲವನ್ನೂ ಕಾಣಲಿ. ಇಲ್ಲಿ ಮಾತ್ರ ಎತ್ತಿನವರ ಅನುಭವ ಕೈಹಿಡಿಯುತ್ತದೆ. ಹೊಸ ಹೋರಿಯನ್ನು ಪಳಗಿದ ಎತ್ತಿನ ಜೋಡಿ ಹೂಡುವ ಹಾಗೆ ಮರಿಯನ್ನೂ ಹಿರಿಯ ಕುದುರೆಯ ಪಕ್ಕ ನಡೆಸಿ. ಹೊಲದಲ್ಲಿ ಕುರಿ ತರುಬಲು ಬರುವ ಕುರುಬರ ಹಿಂಡು ಹೊರಟಾಗ ಗಮನಿಸಿ. ಗಂಟುಮೂಟೆ ಹೊತ್ತ ಹೆಣ್ಣು ಕುದುರೆಯ ಹಿಂದೆ ಅದರ ಮರಿ ಬಿಡಿಯಾಗಿ ನಡೆಯುತ್ತಿರುತ್ತದೆ. ಯಾರೂ ಕಲಿಸದೆ ಅದು ಲಾರಿಗೆ ಹೆದರುವುದನ್ನು ಬಿಟ್ಟಿರುತ್ತದೆ.

ಮೂರು ತುಂಬಿದ ಮೇಲೆ ಜೀನು, ಲಗಾಮು. ಕೆಲವೇ ನಿಮಿಷ, ಹಗುರ ಆಳು. ಬೆನ್ನೆಲುಬಿನ ತುದಿಗಳು ಗಟ್ಟಿಯಾಗಲು ಐದಾರು ವರ್ಷ ಹಿಡಿಯುತ್ತದೆ, ಬಾಯಿ ತುಂಬುವವರೆಗೆ ಓಟದ ಮಾತೇ ಬೇಡ. ತಟ್ಟಿನ ಮೇಲೆ ಹೊರಿಸುವ ಹೇರಿಗೆ 1965ರ ಕೇಂದ್ರ ನಿಯಮಗಳು 70 ಕಿಲೋ ಮಿತಿ ಹಾಕಿವೆ. ಮುಳ್ಳಿನ ಕಡಿವಾಣವನ್ನೂ ಅದೇ ನಿಯಮಗಳು ನಿಷೇಧಿಸಿವೆ. ಆದರೂ ಮದುವೆ ಮೆರವಣಿಗೆಯಲ್ಲಿ ಕುಣಿಯುವ ಕುದುರೆಗೆ ಬೇಡಿಕೆ ಇದೆ ಎಂದು ಎರಡು ವರ್ಷದ ಮರಿಯ ಬಾಯಿಗೆ ಅದನ್ನು ತುರುಕುವವರಿದ್ದಾರೆ. ನೋಡುವವರಿಗೆ ಅದು ಕುಣಿತ, ಮರಿಗೆ ನೋವು ತಪ್ಪಿಸಿಕೊಳ್ಳುವ ಪಾಡು. ನಿಜವಾದ ಸೊಗಸು ಬೇಕಿದ್ದರೆ ರೇವಾಲ ಚಾಲು ಕಲಿಸಿ. ಸವಾರನ ಸೊಂಟ ಅಲುಗದಂತೆ ಹೋಗುವ ಆ ನಡೆ ರಕ್ತದಲ್ಲಿ ಅರ್ಧ, ನಿಧಾನದ ಅಭ್ಯಾಸದಲ್ಲಿ ಅರ್ಧ.

ಇದು ಇಷ್ಟು ವರ್ಷದ ಕೆಲಸವಾದ್ದರಿಂದ ಸವಾರಿಯ ಆಸೆಗೆ ಮಾತ್ರ ಕುದುರೆ ಬೇಕೆನ್ನುವವರು ಪಳಗಿದ ಏಳೆಂಟು ವರ್ಷದ್ದನ್ನೇ ಕೊಳ್ಳಲಿ. ಮರಿ, ಸವಾರ ಇಬ್ಬರೂ ಹೊಸಬರಾದರೆ ಪೆಟ್ಟು ಇಬ್ಬರಿಗೂ. ಬೆಳೆಸುವ ಸುಖವೇ ಬೇಕು, ಮರಿಯೇ ಆಗಬೇಕು ಎನ್ನುವವರಿಗೆ ಒಂದು ಕೆಲಸ ಇದೆ. ಟಾಂಗಾ ಹೋದ ಮೇಲೆ ಕುದುರೆಯ ಲಾಳ ಬಲ್ಲವರು ವಿರಳ. ಕುದುರೆ ಮುಟ್ಟಿ ಅನುಭವವಿರುವ ಪಶುವೈದ್ಯರೂ ಎಲ್ಲ ಊರಲ್ಲಿ ಸಿಗುವುದಿಲ್ಲ. ದೊಡ್ಡ ತೊಂದರೆಗೆ ಬೀದರಿನ ಪಶುವೈದ್ಯ ಕಾಲೇಜಿನವರೆಗೆ ಗಾಡಿ ಮಾಡಿಕೊಂಡು ಓಡಬೇಕು. ಲಾಳ ಬಡಿಯುವವ, ಪಶುವೈದ್ಯ ಈ ಇಬ್ಬರ ಫೋನ್ ನಂಬರು ಕಿಸೆಯಲ್ಲಿಟ್ಟುಕೊಂಡೇ ಅಕಲೂಜದ ಬಸ್ಸು ಹತ್ತಿ.